ಮೊಮ್ಮಕ್ಕಳ ಹಿಂದೆ ಹೊರಟ ಮುದುಕ

ಮುಪ್ಪಿನಲ್ಲಿ ಮನೆ ಬಿಡು ಎಂದು ನಮ್ಮ ಶಾಸ್ತ್ರವೂ ಹೇಳುತ್ತದೆ. ಆದರೆ ಕಾಡಿಗೆ ಹೋಗು ಎನ್ನುತ್ತದೆಯೇ ಹೊರತು ಮೊಮ್ಮಕ್ಕಳ ಹಿಂದೆ ಹೋಗು ಎನ್ನುವುದಿಲ್ಲ. ನಮ್ಮ ಬೀಗರ ಮನೆತನದ ಹಿರೀಕರೊಬ್ಬರು 1847ರಲ್ಲಿ, ಎಪ್ಪತ್ತು ತುಂಬಿದ ಮೇಲೆ, ನೆದರ್‌ಲೆಂಡ್ಸಿನ ಫ್ರೀಸ್‌ಲಂಡ್ ಬಿಟ್ಟು ಹಡಗು ಹತ್ತಿ ಮಿಶಿಗನ್ನಿಗೆ ಬಂದರು. ಅದು ವೈರಾಗ್ಯವೋ ಮೋಹವೋ ಎಂಬುದು ನನಗೂ ಬೀಗರಿಗೂ ಮುಗಿಯದ ಚರ್ಚೆ. ಶಿವಮೊಗ್ಗದ ಮನೆ ಬಾಡಿಗೆಗೆ ಕೊಟ್ಟು ಮಗಳ ಜೊತೆ ಇರಲು ಇಲ್ಲಿಗೆ ಬಂದವಳು ನಾನು. ಆದ್ದರಿಂದ ಈ ಚರ್ಚೆಯಲ್ಲಿ ನನ್ನ ಸ್ವಾರ್ಥವೂ ಇದೆ.

ಆ ಕಾಲದ ಕಥೆ ಇಷ್ಟು. 1834ರಲ್ಲಿ ನೆದರ್‌ಲೆಂಡ್ಸಿನ ಕೆಲವು ಕಟ್ಟಾ ಕ್ಯಾಲ್ವಿನ್‌ಪಂಥೀಯರು ಸರ್ಕಾರದ ಕೃಪೆಯಲ್ಲಿದ್ದ ಚರ್ಚಿನಿಂದ ಸಿಡಿದು ಹೊರಬಂದರು. ಇಪ್ಪತ್ತಕ್ಕಿಂತ ಹೆಚ್ಚು ಜನ ಅನುಮತಿಯಿಲ್ಲದೆ ಸೇರಬಾರದೆಂಬ ನೆಪೋಲಿಯನ್ ಕಾಲದ ಕಾನೂನು ತೋರಿಸಿ ಅವರಿಗೆ ದಂಡ ಹಾಕಿದರು, ಮನೆಗಳಲ್ಲಿ ಸಿಪಾಯಿಗಳನ್ನು ತಂದು ಇರಿಸಿದರು. ಕಿರುಕುಳ ತಗ್ಗಿತು ಎನ್ನುವಾಗ, 1845ರಲ್ಲಿ, ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಹಲ್ಲುಮ್ ಊರಿನ ಪಾದ್ರಿ ಇಪ್ಮಾ ಒಂದು ಗುಂಪು ಕಟ್ಟಿಕೊಂಡು ಬಂದು ಇಲ್ಲಿ ವ್ರೀಸ್‌ಲಂಡ್ ಎಂಬ ಊರನ್ನೇ ಮಾಡಿದರು. ದೇಶ ಬಿಡುವವರ ಸರ್ಕಾರಿ ಪಟ್ಟಿಯಲ್ಲಿ ಕಾರಣ ಬರೆಯುವುದಕ್ಕೂ ಒಂದು ಕಲಂ ಇತ್ತು. ದೇವರಿಗಾಗಿ ಹೊರಟರೋ ಅನ್ನಕ್ಕಾಗಿಯೋ? ಒಲೆ ಹಚ್ಚಿ ಮನೆ ನಡೆಸಿದ ಯಾರೂ ಇವೆರಡನ್ನು ಎರಡು ಕಲಮಿನಲ್ಲಿ ಬರೆಯಲಾರರು. ಮುದುಕರದು ಎರಡೂ ಅಲ್ಲ. ಮಗ ಹೊರಟ, ಅವರೂ ಹೊರಟರು.

ಹೆಂಡತಿಯ ಗೋರಿಯನ್ನು ಹೇಗೆ ಬಿಟ್ಟು ಬಂದರು ಎಂಬುದೇ ನನಗೆ ದೊಡ್ಡ ಪ್ರಶ್ನೆ. ಆ ಪಂಥದಲ್ಲಿ ಶ್ರಾದ್ಧವಿಲ್ಲ. ಸತ್ತವರಿಗಾಗಿ ಪ್ರಾರ್ಥನೆ ಕೂಡ ಇಲ್ಲ. ನಮ್ಮ ಯಜಮಾನರ ತಿಥಿಗೆ ಇಲ್ಲಿಯ ಪುರೋಹಿತರು ಸಂಕಲ್ಪದಲ್ಲಿ ಜಂಬೂದ್ವೀಪ, ಭರತವರ್ಷ ಬಿಟ್ಟು ‘ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ’ ಎಂದಾಗ ನನ್ನ ಎದೆ ಧಸಕ್ಕೆಂದಿತು. ಜೀವಮಾನವಿಡೀ ತುಂಗೆಯ ನೀರು ಕುಡಿದವರು ಈ ವಿಳಾಸ ಹುಡುಕಿಕೊಂಡು ಬರಬೇಕಲ್ಲ! ಪಿಂಡ ಇಟ್ಟವನು ಮಗಳ ಮಗ. ದೌಹಿತ್ರನಿಗೆ ಅಧಿಕಾರವಿದೆ ಎಂದರು ಪುರೋಹಿತರು. ಅವನ ಅಪ್ಪನ ಗೋತ್ರ ಅವರು ಕೇಳಲಿಲ್ಲ, ನಾನೂ ಸುಮ್ಮನಿದ್ದೆ.

ಮುದುಕರು ಅಲ್ಲೇ ಉಳಿದಿದ್ದರೆ? ಫ್ರೀಸ್‌ಲಂಡಿನಲ್ಲಿ ಸಮುದ್ರದ ಉಬ್ಬರಕ್ಕೆ ಹೆದರಿ ಜನ ಶತಮಾನಗಟ್ಟಲೆ ಮಣ್ಣು, ಸಗಣಿ ಪೇರಿಸಿ ದಿಬ್ಬ ಮಾಡಿಕೊಂಡು ಬಾಳಿದವರು. ಅವುಗಳ ನೆತ್ತಿಯ ಮೇಲೇ ಚರ್ಚು, ಗೋರಿ. ಹೆಗೆಬೈಂಟಮ್‌ನ ದಿಬ್ಬ ಹೆಚ್ಚುಕಡಿಮೆ 9 ಮೀಟರ್ ಎತ್ತರ. 19ನೇ ಶತಮಾನದಲ್ಲಿ ಆ ಮಣ್ಣು ಒಳ್ಳೆಯ ಗೊಬ್ಬರವೆಂದು ಬೆಲೆ ಬಂತು. ಎಷ್ಟೋ ಕಡೆ ಚರ್ಚು ನಿಂತ ತುಂಡನ್ನಷ್ಟೇ ಬಿಟ್ಟು ಸುತ್ತಲೂ ಅಗೆದು ದೋಣಿಗೆ ತುಂಬಿ ಮಾರಿದರು. ಪೂರ್ವಿಕರ ನೆಲ ಅಲುಗುವುದಿಲ್ಲ ಎಂದು ಕೂತವರ ಕಾಲಡಿಯಿಂದಲೇ ನೆಲ ವಲಸೆ ಹೋಯಿತು. ಇದನ್ನು ಕೇಳಿದ ಮೇಲೆ ಕ್ರೌಂಚದ್ವೀಪದ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಬೀಗರಿಗೆ ಇಂಥ ತಳಮಳವೇ ಇಲ್ಲ. ತಮ್ಮ ಪಂಥದ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 129 ಪ್ರಶ್ನೆಗಳನ್ನು, ವರ್ಷದ 52 ಭಾನುವಾರಗಳಿಗೆ ಹಂಚಿದ್ದನ್ನು, ಹುಡುಗನಾಗಿದ್ದಾಗಲೇ ಬಾಯಿಪಾಠ ಮಾಡಿದವರು. ದೇವರ ಚಿತ್ತವಿಲ್ಲದೆ ಏನೂ ನಡೆಯದು ಎನ್ನುತ್ತಾರೆ. “ಹಾಗಾದರೆ 1847ರ ಬೇಸಿಗೆಯಲ್ಲಿ ಇಲ್ಲಿ ಚಳಿಜ್ವರಕ್ಕೆ ಅಷ್ಟು ಜನ ಸತ್ತರಲ್ಲ, ಅದು?” ಎಂದೆ. “ಅದೂ,” ಎಂದರು. ನಾವಾದರೆ ಪೂರ್ವಜನ್ಮದ ಕರ್ಮ ಎನ್ನುತ್ತೇವೆ. ಕೊನೆಗೆ ನಮ್ಮನ್ನೇ ನಾವು ಬೈದುಕೊಳ್ಳಬಹುದು. ಅವರ ಲೆಕ್ಕದಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಎಲ್ಲ ಮೊದಲೇ ಬರೆದಾಗಿದ್ದರೆ ಮನುಷ್ಯ ಕೈಕಟ್ಟಿ ಕೂರುತ್ತಾನೆ ಎಂದು ವಾದಿಸಿದೆ. ಆಗ ಬೀಗರು ಇಲ್ಲಿಯ ಹಾಲೆಂಡ್ ಎಂಬ ಊರಿನ ಅನಾಥಾಲಯದ ಸಂಗತಿ ಹೇಳಿದರು: ಜ್ವರದಲ್ಲಿ ತಂದೆತಾಯಿ ಸತ್ತ ಮಕ್ಕಳಿಗೆಂದು ಅದೇ ವರ್ಷ ಕಟ್ಟಡ ಎಬ್ಬಿಸಿದರಂತೆ, ಆದರೆ ಅದರಲ್ಲಿ ಇರಿಸಲು ಮಕ್ಕಳೇ ಉಳಿದಿರಲಿಲ್ಲ, ಒಬ್ಬೊಬ್ಬರನ್ನೂ ಒಂದೊಂದು ಮನೆಯವರು ಕರೆದುಕೊಂಡು ಹೋಗಿದ್ದರು.