ಅನ್ನದ ಋಣ

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ ಹಿರಿಯರು. ಉಂಡ ಮನೆಯನ್ನು ಬಿಟ್ಟು ಹೊರಡುವುದೂ ಎರಡು ಬಗೆದಂತೆಯೇ?

ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆ ಶುರುವಾದದ್ದು 1948ರಲ್ಲಿ. ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ದಿಮೆ ಅದು. ಡಯಲ್ ತಿರುಗಿಸುವ ಟೆಲಿಫೋನುಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಆ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದೆ. 1995ರಲ್ಲಿ ದೇಶಕ್ಕೆ ಮೊಬೈಲ್ ಬಂತು. ಬರಬರುತ್ತಾ ಮನೆಯ ಫೋನಿಗೆ ಬೇಡಿಕೆ ಕುಗ್ಗಿತು. ನಾನು ಸ್ವಯಂನಿವೃತ್ತಿ ತೆಗೆದುಕೊಂಡೆ.

“ಅನ್ನ ಕೊಟ್ಟ ಕಂಪನಿಯನ್ನು ಕಷ್ಟಕಾಲದಲ್ಲಿ ಬಿಟ್ಟೆಯಲ್ಲೇ” ಎಂದರು ಅತ್ತೆ. ಮಾತು ಚುಚ್ಚಿತು. ಎಷ್ಟೋ ದಿನ ಅದನ್ನೇ ಯೋಚಿಸಿದೆ.

ಸಂಬಳ ದಾನವಲ್ಲ. ಬೆಸುಗೆಯ ಹೊಗೆಗೆ ಕಣ್ಣು ಕಿರಿದುಮಾಡಿ ಕೂತ ದಿನಗಳ ಬೆಲೆ ಅದು. ಆ ಲೆಕ್ಕ ತಿಂಗಳು ತಿಂಗಳೂ ಚುಕ್ತಾ ಆಗಿದೆ. ಚುಕ್ತಾ ಆಗದೆ ಉಳಿದದ್ದು ಬೇರೆ. ಹೆರಿಗೆ ರಜೆ ಮುಗಿಸಿ ಹೋದಾಗ ನನ್ನ ಪಾಲಿನ ಕೆಲಸವನ್ನೂ ಹಂಚಿಕೊಂಡ ಗೆಳತಿಯರು, ನಡುಗುವ ಕೈ ಹಿಡಿದು ಬೆಸುಗೆ ಕಲಿಸಿದ ಹಲಸೂರಿನ ತಮಿಳು ಅಕ್ಕ. ಋಣವೆಂಬುದು ಕಟ್ಟಡಕ್ಕಲ್ಲ, ಮನುಷ್ಯರಿಗೆ. ಗೇಟು ದಾಟಿದರೆ ಅದು ತೀರುವುದಿಲ್ಲ, ಗೇಟಿನೊಳಗೇ ಉಳಿದರೂ ತೀರುವುದಿಲ್ಲ.

ಇನ್ನೊಂದು ಮಾತು. ಕೆಲಸ ಬಿಟ್ಟ ಗಂಡಸಿಗೆ “ಇನ್ನು ವಿಶ್ರಾಂತಿ” ಎನ್ನುತ್ತಾರೆ, ನಮಗೆ “ಇನ್ನು ಮನೆಯಲ್ಲೇ ಇರ್ತೀಯಲ್ಲ” ಎನ್ನುತ್ತಾರೆ. ಹೆಣ್ಣಿನ ಋಣವನ್ನು ಎಲ್ಲರೂ ಎಣಿಸುತ್ತಾರೆ. ಅವಳಿಗೆ ಮನೆ ಎಷ್ಟು ಋಣಿ ಎಂದು ಎಣಿಸುವವರು ಯಾರು? ಈಗ ಬೆಳಗಿನ ಕಾಫಿಯನ್ನು ನಾನು ಕೂತೇ ಕುಡಿಯುತ್ತೇನೆ.

ಮೊನ್ನೆ ಪಕ್ಕದ ಮನೆಯ ಹುಡುಗಿಗೆ ಹಳೆಯ ರೇಡಿಯೋದ ತಂತಿಗೆ ಬೆಸುಗೆ ಹಾಕುವುದನ್ನು ಕಲಿಸಿದೆ. ಅಕ್ಕನ ಋಣದಲ್ಲಿ ಒಂದು ಕಂತು ಸಂದಿತು ಅನ್ನಿಸಿತು.