ಕಂಠವನ್ನು ಹಿಡಿಯುವ ಭಯ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು ೨೭ನೆಯ ಅಧ್ಯಾಯ, ೩೩ನೆಯ ವಚನದಿಂದ ೩೮ರ ವರೆಗೆ.



ಈ ಭಾಗದಲ್ಲಿ ಹೇಳಿರುವ ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕು ದಿವಸ ಸಮುದ್ರದ ಮೇಲೆ ಅಲೆಯಿತು. ಅದರಲ್ಲಿದ್ದವರು ೨೭೬ ಮಂದಿ. ಹಡಗಿನಲ್ಲಿ ಗೋದಿಯು ಬೇಕಾದಷ್ಟು ಇತ್ತು. ಆದರೂ ಅವರು ಉಣ್ಣದೆ ಇದ್ದರು. ಅವರ ಬಾಯನ್ನು ಮುಚ್ಚಿದ್ದು ಅನ್ನದ ಕೊರತೆಯಲ್ಲ, ಭಯವೇ. ಬೆಳಗಾಗುವ ವೇಳೆಯಲ್ಲಿ ಪೌಲನು ಅವರನ್ನು ಊಟಕ್ಕೆ ಬೇಡಿಕೊಂಡು, ತಾನೇ ಮೊದಲು ಎಲ್ಲರ ಕಣ್ಣೆದುರಿಗೆ ರೊಟ್ಟಿ ಮುರಿದು ತಿಂದನು. ಅದನ್ನು ಕಂಡು ಅವರಿಗೂ ಧೈರ್ಯ ಬಂತು, ಅವರೂ ಉಂಡರು.

ಇಂಥ ಭಯವು ನಮ್ಮ ಊರುಗಳಲ್ಲಿಯೂ ಉಂಟು. ಒಬ್ಬನಿಗೆ ಉಣ್ಣುವಾಗ ತುತ್ತು ಸಿಕ್ಕಿಕೊಂಡು ಕ್ಷಣಕಾಲ ಉಸಿರು ಕಟ್ಟುವದು. ತುತ್ತು ಇಳಿದುಹೋಗುವದು, ಭಯವು ಮಾತ್ರ ಇಳಿಯದು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯದೆ ನುಂಗುವದು ವಾಡಿಕೆಯಷ್ಟೆ. ಆದಕಾರಣ ಅವನು ಮೊದಲು ಮುದ್ದೆಯನ್ನೂ, ಆಮೇಲೆ ಅನ್ನವನ್ನೂ, ಕಡೆಗೆ ಔಷಧದ ಗುಳಿಗೆಯನ್ನೂ ಬಿಟ್ಟು, ಗಂಜಿ ಕಾಫಿಗಳಿಂದಲೇ ಜೀವ ಹಿಡಿದುಕೊಳ್ಳುವನು. ಇನ್ನು ಕೆಲವರಿಗೆ ಕೈಗೆ ಬಂದ ಅನ್ನದ ಮೇಲೆಯೇ ಸಂಶಯ. ೨೦೧೮ನೆಯ ಇಸವಿ ಡಿಸೆಂಬರ್ ೧೪ರಂದು ನಮ್ಮ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಹಂಚಿದ ಅನ್ನದಲ್ಲಿ ಕೀಟನಾಶಕವು ಬೆರೆತಿತ್ತು. ೧೭ ಮಂದಿ ಸತ್ತರು. ನೂರಕ್ಕೆ ಹೆಚ್ಚು ಜನರು ಆಸ್ಪತ್ರೆಗಳನ್ನು ಸೇರಿದರು. ನಮ್ಮ ನೆರೆಯವರ ಆ ದುಃಖದ ಮುಂದೆ ನಾವು ತಲೆಬಾಗತಕ್ಕದ್ದು. ಅಂಥದನ್ನು ಕಂಡವನ ಕಂಠವು ತುತ್ತಿಗೆ ಹೆದರಿದರೆ ಆಶ್ಚರ್ಯವೇನು?

ಆದರೆ ಇಂಥ ರೋಗಿಗೆ ಮನೆಯವರು ಏನು ಮಾಡುವರು? ಯಾರೋ ಮದ್ದು ಹಾಕಿದ್ದಾರೆ ಎನ್ನುವರು. ಮದ್ದು ತೆಗೆಯುವವನ ಬಳಿಗೆ ಕರೆದೊಯ್ದು ವಾಂತಿಮಾಡಿಸುವರು. ಮೊದಲೇ ಸೊರಗಿದ ದೇಹವು ಅದರಿಂದ ಇನ್ನಷ್ಟು ಸೊರಗುವದು, ಭಯವೂ ಬಲಿಯುವದು. ಸಭೆಯವರಾದ ನಾವಾದರೋ, ಇವನಿಗೆ ನಂಬಿಕೆ ಸಾಲದು ಎನ್ನುವೆವು. ಇದೂ ವಾಂತಿಯ ಮದ್ದಿಗಿಂತ ಒಳ್ಳೆಯದಲ್ಲ.

ಮೊದಲನೆಯದಾಗಿ, ದೇವರು ಕಂಠವನ್ನು ಹೇಗೆ ಉಂಟುಮಾಡಿದ್ದಾನೆಂದು ತಿಳಿಯಿರಿ. ಬಾಯಿಯ ಹಿಂದೆ ಎರಡು ದಾರಿಗಳಿವೆ: ಮುಂದಿನದು ಉಸಿರಿನ ಕೊಳವೆ, ಹಿಂದಿನದು ಸುಮಾರು ಹತ್ತು ಅಂಗುಲ ಉದ್ದದ ಅನ್ನನಾಳ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಪುಣಜನೂರಿನ ತನಿಖೆಯ ಗೇಟನ್ನು ನೀವು ಕಂಡಿದ್ದೀರಿ. ಕಂಠದಲ್ಲಿಯೂ ಅಂಥ ಗೇಟು ಉಂಟು. ತುತ್ತು ನಾಲಗೆಯ ಬುಡಕ್ಕೆ ಬಂದ ಕೂಡಲೆ ಧ್ವನಿಪೆಟ್ಟಿಗೆಯು ಮೇಲಕ್ಕೇಳುವದು, ಉಸಿರಿನ ದಾರಿಗೆ ಮುಚ್ಚಳ ಬೀಳುವದು, ಉಸಿರು ಕ್ಷಣಮಾತ್ರ ನಿಲ್ಲುವದು, ತುತ್ತು ತನ್ನ ದಾರಿಯಲ್ಲಿ ಇಳಿಯುವದು. ದಿನಕ್ಕೆ ನೂರಾರು ಸಲ, ನಿದ್ರೆಯಲ್ಲಿಯೂ, ನಮ್ಮ ಅಪ್ಪಣೆಯಿಲ್ಲದೆ ಈ ಕಾವಲು ನಡೆಯುತ್ತದೆ. ಭಯಪಟ್ಟವನಿಗೆ ಬಾಯಿ ಒಣಗುವದು, ಕಂಠದ ಸ್ನಾಯುಗಳು ಬಿಗಿಯುವವು. ಆದಕಾರಣ ಅವನು ನುಂಗಲಾರೆನೆಂದು ಹೇಳುವದು ನಟನೆಯಲ್ಲ, ಬಿಗಿತವು ನಿಜವೇ. ಆದರೆ ದಾರಿಯು ಮುಚ್ಚಿಹೋಗಿಲ್ಲ. ಕಾವಲುಗಾರನು ಬೆದರಿದ್ದಾನೆ, ಅಷ್ಟೆ.

ಎರಡನೆಯದಾಗಿ, ನುಂಗುವ ಕಷ್ಟವೆಲ್ಲಾ ಭಯವೆಂದು ತಿಳಿಯಬೇಡಿರಿ. ನುಂಗುವಾಗ ನೋವು, ಮೊದಲು ಗಟ್ಟಿ ಆಹಾರವೂ ಬರುಬರುತ್ತಾ ಗಂಜಿಯೂ ಇಳಿಯದಿರುವದು, ನೀರು ಕುಡಿದರೆ ಕೆಮ್ಮು, ಸ್ವರ ಒಡೆಯುವದು, ರಕ್ತ ಕಾಣಿಸುವದು, ಮೈ ಇಳಿಯುವದು, ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಹೊಗೆಸೊಪ್ಪು ಅಗಿಯುವವರು, ಲಕ್ವ ಹೊಡೆದವರು ಇದರಲ್ಲಿ ಹೆಚ್ಚು ಎಚ್ಚರವಾಗಿರತಕ್ಕದ್ದು. ಹುಚ್ಚುನಾಯಿ ಕಚ್ಚಿದವನು ನೀರಿಗೆ ಹೆದರುವದಂತೂ ಬೇರೆಯೇ ಕಾರಣದಿಂದ. ಆ ಲಕ್ಷಣ ಕಂಡ ಮೇಲೆ ಬದುಕುವದು ಬಹಳ ಅಪರೂಪ. ಆದಕಾರಣ ನಾಯಿ ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ನೀರುಗಳಿಂದ ಕಾಲು ಗಂಟೆ ತೊಳೆದು, ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿರಿ. ಚಾಮರಾಜನಗರದ ಸರಕಾರಿ ಆಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನು ಪರೀಕ್ಷಿಸಿ ಅಭ್ಯಾಸ ಕಲಿಸುವವರಿದ್ದಾರೆ.

ಮೂರನೆಯದಾಗಿ, ದೇಹದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಭಯಕ್ಕೆ ಚಿಕಿತ್ಸೆ ಮಾಡತಕ್ಕದ್ದು. ಅದು ಮೆಟ್ಟಲು ಹತ್ತಿದ ಹಾಗೆ. ಮೊದಲು ಅಂಬಲಿ; ಅದು ಅಂಜಿಕೆಯಿಲ್ಲದೆ ಇಳಿದ ಮೇಲೆ ಮಿದುವಾದ ಮೊಸರನ್ನ; ಆಮೇಲೆ ಮಾಗಿದ ಬಾಳೆಹಣ್ಣು, ಇಡ್ಲಿ; ಅನಂತರ ಅನ್ನ ಸಾರು; ಕಡೆಗೆ ಹುಣಿಸೆ ಬೀಜದಷ್ಟು ಮುದ್ದೆ. ನೆಟ್ಟಗೆ ಕುಳಿತು, ಮಾತಾಡದೆ, ಚಿಕ್ಕ ತುತ್ತಾಗಿ ಉಣ್ಣಬೇಕು. ಎದೆ ಬಡಿದುಕೊಂಡರೂ ತಟ್ಟೆಯ ಮುಂದಿನಿಂದ ಏಳದೆ, ಬಡಿತವು ತಾನಾಗಿ ತಗ್ಗುವ ವರೆಗೆ ಕಾಯಬೇಕು. ಯಾಕಂದರೆ ಪ್ರತಿ ಸಲ ಓಡಿಹೋದರೆ ಭಯವು ಬಲವಾಗುವದು, ನಿಂತರೆ ಕುಂದುವದು. ಒಂದು ಮೆಟ್ಟಲಲ್ಲಿ ಹಲವು ದಿನ ನಿಂತರೂ ನಾಚಿಕೆಯಿಲ್ಲ. ಇದನ್ನು ನಡಿಸುವ ಮನೋವೈದ್ಯರಿದ್ದಾರೆ. ಕೆಲವರಿಗೆ ಔಷಧವೂ ಬೇಕಾಗುವದು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಗೆ, ೧೪೪೧೬ ಎಂಬ ಸಂಖ್ಯೆಗೆ, ಹಣವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ಕಡೆಗೆ ಸಭೆಗೆ ಒಂದು ಮಾತು. ಹೆದರಿದ ಮಗುವಿನ ಬಾಯಿಗೆ ತುತ್ತನ್ನು ಬಲವಂತವಾಗಿ ತುರುಕಬೇಡಿರಿ. ಮೆಲ್ಲಗೆ ಉಣ್ಣುವ ಸೊಸೆಯನ್ನು ಸೋಮಾರಿಯೆಂದು ಜರೆಯಬೇಡಿರಿ. ಕರ್ತನ ಮೇಜಿನ ಹತ್ತಿರ ಒಬ್ಬನು ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಡುಗಿದರೆ ಅವನನ್ನು ದಿಟ್ಟಿಸಿ ನೋಡಬೇಡಿರಿ. ಚೂರು ಎಷ್ಟು ಚಿಕ್ಕದಾದರೂ ಅದರಲ್ಲಿ ಪಾಲು ಕಡಿಮೆಯಾಗದು. ಅಂಥವನು ನಾಚಿಕೆಯಿಂದ ಆ ಮೇಜನ್ನು ಬಿಟ್ಟುಹೋಗುವ ಹಾಗೆ ಮಾಡಿದರೆ, ಅವನ ಭಯಕ್ಕಿಂತ ನಮ್ಮ ಕಣ್ಣುಗಳೇ ಹೆಚ್ಚು ಕೇಡುಮಾಡಿದವು.

ಪೌಲನು ಹೆದರಿದವರಿಗೆ ಊಟದ ವಿಷಯವಾಗಿ ಬುದ್ಧಿಹೇಳಿದ್ದು ಸ್ವಲ್ಪ. ಅವರ ಸಂಗಡ ಉಂಡದ್ದೇ ದೊಡ್ಡದು. ಆಗ ಗಾಳಿಯು ಇನ್ನೂ ನಿಂತಿರಲಿಲ್ಲ, ದಡವೂ ಸಿಕ್ಕಿರಲಿಲ್ಲ ಎಂಬದನ್ನು ಮರೆಯಬೇಡಿರಿ. ಆದದರಿಂದ ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಅನ್ನಕ್ಕೆ ಹೆದರುವವನು ಇದ್ದರೆ, ಅವನ ಪಕ್ಕದಲ್ಲಿ ಕುಳಿತು, ಅವನಷ್ಟೇ ಮೆಲ್ಲಗೆ ಉಣ್ಣಿರಿ. ಅನ್ನವನ್ನು ಕೊಟ್ಟ ದೇವರು ಅದನ್ನು ಇಳಿಸುವ ಧೈರ್ಯವನ್ನೂ ತುತ್ತು ತುತ್ತಾಗಿ ಕೊಡಲಿ. ಆಮೆನ್.