ಅತಿಥಿಯ ವೇಷ

2025ರ ಜನವರಿಯಲ್ಲಿ ಹೊಸಪೇಟೆಯ ನಮ್ಮ ಬೀದಿಯ ಮಹಡಿಮನೆಯೊಂದಕ್ಕೆ ಅಮೆರಿಕದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ವಾಸ್ತುಶಿಲ್ಪ ಓದಿದವಳು, ಮೂರು ತಿಂಗಳು ಇಲ್ಲಿದ್ದು ಹಂಪೆಯ ಮಂಟಪಗಳ ಚಿತ್ರ ಬರೆದುಕೊಳ್ಳಬೇಕೆಂಬುದು ಅವಳ ಉದ್ದೇಶ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಉಪದೇಶಕ್ಕೆ ಯಾರೂ ಸಿಕ್ಕದೆ ಒಣಗಿಹೋಗಿದ್ದ ನನ್ನ ನಾಲಗೆಗೆ ಅವಳು ದೊರೆತದ್ದು ದೈವಕೃಪೆಯೆಂದೇ ತೋರಿತು. ಬಂದ ಮೂರನೆಯ ದಿನ ನಮ್ಮ ಜಗುಲಿಯ ಮೇಲೆ ಕುಳಿತು, ಟಿಪ್ಪಣಿ ಪುಸ್ತಕ ತೆರೆದು, ತನ್ನ ಇಂಗ್ಲಿಷಿನಲ್ಲಿ ಕೇಳಿದಳು: “ಮೇಷ್ಟ್ರೇ, ನಾನು ಅಮೆರಿಕದವಳೆಂದು ದೂರದಿಂದಲೇ ಗೊತ್ತಾಗದ ಹಾಗೆ ಇಲ್ಲಿ ಇರುವುದು ಹೇಗೆ?”

ಕೇಳಿದ ರೀತಿಯಲ್ಲಿ ಅಳುಕಿತ್ತು. ತನ್ನ ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಚೌಕಾಸಿ ಮಾಡಿದರೆ ಜಿಪುಣಿ ಎನ್ನುತ್ತಾರೆ, ಮಾಡದಿದ್ದರೆ ಹಣದ ಸೊಕ್ಕು ಎನ್ನುತ್ತಾರೆ. ತನ್ನ ಸರಕಾರ ಪ್ರಪಂಚದ ಯಾವ ಮೂಲೆಯಲ್ಲಿ ಯುದ್ಧ ಹೂಡಿದರೂ ಅದರ ಲೆಕ್ಕವನ್ನು ಬಸ್ಸಿನಲ್ಲಿ ಪಕ್ಕ ಕುಳಿತವರು ತನ್ನನ್ನು ಕೇಳುತ್ತಾರೆ. ಹೊರಡುವಾಗ ಸ್ನೇಹಿತರು ಒಂದು ಉಪಾಯ ಹೇಳಿಕೊಟ್ಟಿದ್ದರಂತೆ: ಚೀಲದ ಮೇಲೆ ಕೆನಡಾ ದೇಶದ ಕೆಂಪೆಲೆಯ ಬಾವುಟ ಹೊಲಿದುಕೊ, ಯಾರೂ ತಂಟೆಗೆ ಬರುವುದಿಲ್ಲ. ಇದು ವಿಯೆಟ್ನಾಂ ಯುದ್ಧದ ಕಾಲದಿಂದ ಆ ದೇಶದ ಪ್ರವಾಸಿಗಳಲ್ಲಿ ಓಡಾಡುತ್ತಿರುವ ಮಾತು. ಅದಕ್ಕೂ ಮುಂಚೆಯೇ, 1958ರಲ್ಲಿ, ‘ದಿ ಅಗ್ಲಿ ಅಮೆರಿಕನ್’ ಎಂಬ ಕಾದಂಬರಿ ಬಂದು, ಏಷ್ಯಕ್ಕೆ ಬಂದೂ ಏಷ್ಯದ ಭಾಷೆ ಕಲಿಯದೆ ತಮ್ಮ ಕೋಟೆಯೊಳಗೇ ಉಳಿಯುವ ಅಮೆರಿಕನ್ನರನ್ನು ಜಗತ್ತಿನ ಮುಂದೆ ನಿಲ್ಲಿಸಿತು. ಕುರೂಪಿ ಅಮೆರಿಕನ್ ಎಂಬುದು ಅಂದಿನಿಂದ ಒಂದು ಬೈಗುಳವಾಯಿತು. ವಿಚಿತ್ರವೆಂದರೆ, ಆ ಪುಸ್ತಕದಲ್ಲಿ ಮುಖದಿಂದ ಕುರೂಪಿಯಾದ ಎಂಜಿನಿಯರನೇ ಒಳ್ಳೆಯವನು. ಹಳ್ಳಿಗರ ಜೊತೆ ಕೈ ಕೆಸರು ಮಾಡಿಕೊಂಡು ನೀರೆತ್ತುವ ಪಂಪು ಕಟ್ಟುವವನು. ಬೈಯುವವರು ಪುಸ್ತಕ ಓದಿರಬೇಕೆಂಬ ನಿಯಮವೇನೂ ಇಲ್ಲವಲ್ಲ.

ಅದಿರಲಿ. ನಾನು ಉಪದೇಶಕ್ಕೆ ತೊಡಗಿದೆ. ಸಲ್ವಾರ್ ಕಮೀಜು ತೊಡು, ಬಲಗೈಯಲ್ಲಿ ಉಣ್ಣು, ಹೊಸಿಲ ಹೊರಗೆ ಚಪ್ಪಲಿ ಬಿಡು, ಗಂಡಸರ ಕೈ ಕುಲುಕಬೇಡ, ಕೈ ಮುಗಿ, ದನಿ ತಗ್ಗಿಸು, ಸಂಜೆಯ ಮೇಲೆ ಒಬ್ಬಳೇ ತಿರುಗಬೇಡ. ಕಡೆಗೆ, ಪಾಠ ಮುಗಿಸುವ ಮೇಷ್ಟರ ಗತ್ತಿನಲ್ಲಿ, “ನಮ್ಮವರ ಹಾಗೆ ಇದ್ದುಬಿಡು, ಯಾರೂ ಏನೂ ಮಾಡುವುದಿಲ್ಲ” ಎಂದೆ. ಆ ಕೊನೆಯ ಮಾತಿಗೆ ಅವಳು ಅಡಿಗೆರೆ ಎಳೆದುಕೊಂಡಳು.

ವಾರ ಕಳೆದಿರಲಿಲ್ಲ. ಹಂಪೆಯಿಂದ ಬಂದವಳು ಕನ್ನಡಿ ಬಿಲ್ಲೆಗಳು ಮಿನುಗುವ ಲಂಬಾಣಿ ಲಂಗ ಉಟ್ಟು ಗೇಟಿನಲ್ಲಿ ನಿಂತಿದ್ದಳು. ನನ್ನ ಮನೆಯಾಕೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. “ಇದು ಇಲ್ಲಿಯ ಉಡುಪಲ್ಲವೇ?” ಎಂದು ಹುಡುಗಿ ಗಾಬರಿಯಾದಳು. ನಾನು “ಇಲ್ಲಿಯದು ಹೌದು, ಆದರೆ ನಮ್ಮದಲ್ಲ” ಎಂದುಬಿಟ್ಟೆ. ಅಂದ ಮೇಲೆ ಮಾತು ನನ್ನನ್ನೇ ಚುಚ್ಚಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಆ ಹೆಂಗಸರು ಹೊಲಿದದ್ದು ದೇಶವಿದೇಶಕ್ಕೆ ಹೋಗುತ್ತದೆ. ನಾವೂ ಅದನ್ನು ‘ನಮ್ಮ ಸೀಮೆಯ ಹೆಮ್ಮೆ’ ಎಂದು ಭಾಷಣದಲ್ಲಿ ಹೇಳುತ್ತೇವೆ. ಆದರೆ ನಮ್ಮ ಬೀದಿಯ ಎಷ್ಟು ಮನೆಗಳ ನಡುಮನೆಯಲ್ಲಿ ಒಬ್ಬ ಲಂಬಾಣಿ ಹೆಂಗಸು ಕುಳಿತು ಕಾಫಿ ಕುಡಿದಿದ್ದಾಳೆ? ನಮ್ಮವರ ಹಾಗೆ ಇರು ಎಂದು ನಾನು ಹೇಳಿದಾಗ ‘ನಮ್ಮವರು’ ಯಾರು? ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಾಕುವವಳೋ, ಅದಿರಿನ ಹಣದಲ್ಲಿ ಮನೆಯ ಮೇಲೆ ಮನೆ ಕಟ್ಟಿದವರ ಸೊಸೆಯೋ, ಜೀನ್ಸ್ ತೊಟ್ಟು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ನನ್ನ ತಮ್ಮನ ಮಗಳೋ? ವಿದೇಶೀಯಳಿಗೆ ಸಲ್ವಾರ್ ತೊಡಿಸುವ ನಾನು ತಮ್ಮನ ಮಗಳಿಗೆ ಅದನ್ನು ಹೇಳಲು ಹೋದರೆ ಏನಾದೀತೆಂದು ಯೋಚಿಸಿ ಸುಮ್ಮನಾದೆ.

ಸಂಡೂರಿಗೂ ಅವಳನ್ನು ಕರೆದುಕೊಂಡು ಹೋದೆವು. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿಯ ಗುಡಿಯನ್ನು ಕಣ್ತುಂಬ ನೋಡಿದಳು. ಅದರ ನೆರೆಯ ಕುಮಾರಸ್ವಾಮಿಯ ಗುಡಿಯ ಮುಂದೆ, ಹೆಂಗಸರು ಒಳಗೆ ಹೋಗಬಾರದೆಂಬ ಹಳೆಯ ಕಟ್ಟಳೆಯ ಮಾತು ಕೇಳಿ, ವಾದಿಸದೆ ಹೊರಗೆ ನಿಂತಳು. ನನ್ನ ಹೆಂಡತಿಯೂ ನಿಂತಿದ್ದಳು. ಹಿಂದಿರುಗುವಾಗ ಹುಡುಗಿ, “ಅತಿಥಿಯಾಗಿ ನಾನು ಹೊರಗೆ ನಿಂತದ್ದು ಸರಿ. ಆದರೆ ಸರಿಯೆಂದು ಒಪ್ಪಲೂ ಬೇಕೆ?” ಎಂದು ಕೇಳಿದಳು. ಬೇಡವೆಂದೆ. ಇದೇ ಸಂಡೂರು ಸಂಸ್ಥಾನದ ಅರಸರು 1932ರಲ್ಲಿ, ಅನೇಕರ ಕೋಪವನ್ನು ಲೆಕ್ಕಿಸದೆ, ದೇವಾಲಯಗಳನ್ನು ಹರಿಜನರಿಗೆ ತೆರೆದದ್ದನ್ನೂ, 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದದ್ದನ್ನೂ ಹೇಳಿದೆ. ಊರ ಕಟ್ಟಳೆಯನ್ನು ಮುರಿಯಬೇಕಾದವರು ಊರಿನವರು. ಪರಸ್ಥಳದವಳು ಅದರ ಎದುರು ಸಭ್ಯವಾಗಿ ನಿಂತರೆ ಸಾಕು.

ಇನ್ನೊಂದು ತಮಾಷೆ. ನಮ್ಮ ಕಡೆ ಎದುರಾದವರು “ಊಟ ಆತೇನ್ರೀ?” ಎನ್ನುತ್ತಾರಷ್ಟೆ. ಅದು ಪ್ರಶ್ನೆಯೆಂದೇ ನಂಬಿ ಅವಳು ಒಂದು ಮಧ್ಯಾಹ್ನ ಮೂರು ಮನೆಯವರಿಗೆ “ಇನ್ನೂ ಇಲ್ಲ” ಎಂದು ಸತ್ಯ ನುಡಿದು, ಮೂರು ಮನೆಗಳಲ್ಲಿಯೂ ಉಂಡು, ರಾತ್ರಿ ನಮ್ಮಲ್ಲಿಗೆ ಬಂದು ಜೀರಿಗೆ ಕಷಾಯ ಕುಡಿದಳು. ನಾನು ನಗಲಿಲ್ಲ. 2009ರಲ್ಲಿ ಮಗನ ಮನೆಗೆಂದು ಅವಳ ದೇಶಕ್ಕೆ ಹೋಗಿದ್ದಾಗ, ಅಂಗಡಿಯ ಹುಡುಗ “ಹೇಗಿದ್ದೀರಿ?” ಎಂದದ್ದಕ್ಕೆ ನನ್ನ ಮಂಡಿನೋವಿನ ವಿವರವನ್ನೆಲ್ಲ ಹೇಳಿ, ಹಿಂದೆ ಸಾಲಿನಲ್ಲಿ ನಿಂತವರು ಕಾಲು ಬದಲಿಸುವಂತೆ ಮಾಡಿದವನು ನಾನು.

ಆ ಪ್ರಯಾಣದ್ದೇ ಇನ್ನೊಂದು ಸಂಗತಿಯನ್ನು ಈವರೆಗೆ ಯಾರಿಗೂ ಹೇಳಿಲ್ಲ. ವಿಮಾನ ಇಳಿಯುವ ಮುನ್ನ ಕನ್ನಡಿಯ ಮುಂದೆ ನಿಂತು ಹಣೆಯ ವಿಭೂತಿಯನ್ನು ಒರೆಸಿಕೊಂಡೆ. ಯಾರೂ ಒರೆಸು ಅಂದಿರಲಿಲ್ಲ. ನಲವತ್ತು ವರ್ಷ ಬಿಡದೆ ಹಚ್ಚಿದ್ದನ್ನು ಒಂದು ಕಾಗದದ ಚೂರಿನಲ್ಲಿ ಒರೆಸಿ ತೊಟ್ಟಿಗೆ ಹಾಕಿದೆ. ಸೊಸೆ ಕಂಡು, “ಏನು ಮಾವ, ಹಣೆ ಬರಿದು?” ಎಂದು ಕೇಳಿದಳು. “ಸ್ನಾನ ಆಗಿಲ್ಲವಮ್ಮ” ಎಂದೆ. ಹೊಂದಿಕೊಳ್ಳುವುದರ ಆರಂಭ ಒಂದು ಸುಳ್ಳಿನಿಂದ ಆಯಿತು.

ಹಂಪೆಗೆ ಬಂದ ಹಳೆಯ ಪರದೇಶಿಗಳಲ್ಲಿ ಇಬ್ಬರನ್ನು ನೆನೆದಾಗಲೆಲ್ಲ ಈ ಒರೆಸಿದ ವಿಭೂತಿ ನನಗೆ ನೆನಪಾಗುತ್ತದೆ. ಒಬ್ಬ ವೆನಿಸಿನ ನಿಕೊಲೊ ಕೊಂಟಿ. 1420ರ ಸುಮಾರಿಗೆ ವಿಜಯನಗರವನ್ನು ಕಂಡವನು. ಅವನಷ್ಟು ಹೊಂದಿಕೊಂಡವರು ವಿರಳ. ಅರಬ್ಬಿ ಕಲಿತ, ಪಾರಸಿ ಕಲಿತ, ಪಾರಸಿ ವರ್ತಕರ ಉಡುಪು ತೊಟ್ಟ. ಮರಳಿ ಹೋಗುವ ದಾರಿಯಲ್ಲಿ ಹೆಂಡತಿ ಮಕ್ಕಳ ಪ್ರಾಣ ಉಳಿಸಲು ತನ್ನ ಮತವನ್ನೂ ಬಿಟ್ಟ. ಊರು ಸೇರಿದ ಮೇಲೆ ಪೋಪರ ಮುಂದೆ ಕ್ಷಮೆ ಬೇಡಿದಾಗ, ಕಂಡದ್ದನ್ನೆಲ್ಲ ಅವರ ಕಾರ್ಯದರ್ಶಿ ಪೊಜ್ಜೊ ಎಂಬಾತನಿಗೆ ಉಳ್ಳದ್ದುಳ್ಳ ಹಾಗೆ ಹೇಳಬೇಕೆಂಬುದೇ ಪ್ರಾಯಶ್ಚಿತ್ತವಾಯಿತಂತೆ. ಅಷ್ಟು ವರ್ಷ ವೇಷದಲ್ಲಿದ್ದವನಿಗೆ ನಿಜ ಹೇಳುವುದೇ ಶಿಕ್ಷೆ! ಪ್ರಾಣಭಯದಲ್ಲಿ ಹಾಕಿದ ವೇಷವನ್ನು ನಾನು ಹೀಗಳೆಯಲಾರೆ. ನನಗೆ ಯಾವ ಪ್ರಾಣಭಯವಿತ್ತು?

ಇನ್ನೊಬ್ಬ ಅಬ್ದುರ್ ರಜಾಕ್. ಹೆರಾತಿನ ಶಾರುಖ್ ದೊರೆಯ ರಾಯಭಾರಿ, 1443ರಲ್ಲಿ ಬಂದವನು. ಇಮ್ಮಡಿ ದೇವರಾಯನ ಒಡ್ಡೋಲಗಕ್ಕೆ ತನ್ನ ದೇಶದ ನಿಲುವಂಗಿಗಳನ್ನು ಒಂದರ ಮೇಲೊಂದು ಹೇರಿಕೊಂಡು ಹೋದ. ನಮ್ಮ ಸೀಮೆಯ ಬಿಸಿಲು ಬೇರೆ ಹೇಳಬೇಕೆ! ಬೆವರಿನಲ್ಲಿ ಮುಳುಗಿಹೋದನಂತೆ. ಅದನ್ನು ನೋಡಿದ ರಾಯ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಅವನಿಗೆ ಕೊಟ್ಟ. ಇದನ್ನು ಬರೆದಿಟ್ಟವನು ಬೆವರಿದ ಆ ರಾಯಭಾರಿಯೇ. ಇಂಥ ಬಟ್ಟೆ ತೊಟ್ಟು ಇಲ್ಲಿಗೇಕೆ ಬಂದೆ ಎಂದು ರಾಯ ಕೇಳಲಿಲ್ಲ. ನನಗೆ ಹಂಪೆಯ ಕಲ್ಲಿನ ರಥಕ್ಕಿಂತಲೂ ಆ ಬೀಸಣಿಗೆ ದೊಡ್ಡದಾಗಿ ಕಾಣುತ್ತದೆ.

ಫೆಬ್ರವರಿಯ ಒಂದು ಭಾನುವಾರ ಕಂಪ್ಲಿಯ ಗೆಳೆಯನ ಕಬ್ಬಿನ ಗದ್ದೆಗೆ ಬಸ್ಸಿನಲ್ಲಿ ಹೊರಟೆವು. ದಾರಿಯಲ್ಲಿ ಕಮಲಾಪುರದ ಕೆರೆ ಕಾಣುತ್ತಲೂ, ಅವಳ ದೇಶದ ಕ್ಯಾಥ್ಲೀನ್ ಮಾರಿಸನ್ ಎಂಬ ವಿದುಷಿ ಈ ಕೆರೆಯ ತಳದ ಕೆಸರಿನಲ್ಲಿ ಹುದುಗಿದ್ದ ಹೂವಿನ ಪರಾಗವನ್ನು ಪರೀಕ್ಷಿಸಿ ಇಲ್ಲಿಯ ಬೇಸಾಯದ ಚರಿತ್ರೆಯನ್ನು ಬರೆದದ್ದನ್ನು ಹೇಳಿದೆ. 1980ರ ದಶಕದಿಂದ ಇಲ್ಲಿ ವರ್ಷ ವರ್ಷವೂ ಬೀಡುಬಿಟ್ಟು ಕಲ್ಲುಗೋಡೆಗಳನ್ನು ಅಳೆದ ಜಾನ್ ಫ್ರಿಟ್ಜ್ ಕೂಡ ಅಮೆರಿಕದವರೇ. ನಮ್ಮಲ್ಲಿ ಹುಟ್ಟಿದ ಎಷ್ಟು ಜನ ಆ ಕೆರೆಯ ಕೆಸರಿನ ಬಗೆಗೆ ತಲೆ ಕೆಡಿಸಿಕೊಂಡಿದ್ದೇವೆ? ಊರನ್ನು ಅರಿಯುವುದಕ್ಕೂ ಊರಿನವರಂತೆ ಕಾಣುವುದಕ್ಕೂ ಅಂಥ ನಂಟೇನಿಲ್ಲ.

ಕಂಪ್ಲಿಯಲ್ಲಿ, ಕೋಟೆಯ ಬಳಿ, ತುಂಗಭದ್ರೆಯ ದಂಡೆಯ ಮೇಲೆ ಕುಳಿತು ಕಂಪಿಲರಾಯನ ಕತೆ ಹೇಳಿದೆ. ಸಗರದ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ ದೆಹಲಿಯ ಮಹಮ್ಮದ್ ತುಘಲಕನಿಗೆ ನೆಂಟ. ದಂಗೆಯೆದ್ದು, ಸೋತು, ಓಡಿಬಂದು ಕಂಪಿಲರಾಯನ ಮರೆಹೊಕ್ಕ. ದೆಹಲಿಯ ಸೈನ್ಯ ಅವನನ್ನು ಒಪ್ಪಿಸೆಂದಿತು. ರಾಯ ಒಪ್ಪಿಸಲಿಲ್ಲ, ಅವನನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳಿಸಿ, ತಾನು ಕಾದಾಡಿ ಮಡಿದ. 1327ರ ಸುಮಾರಿನ ಮಾತು. ಕೆಲವೇ ವರ್ಷಗಳ ತರುವಾಯ ದೆಹಲಿಗೆ ಬಂದ ಮೊರಾಕೊ ದೇಶದ ಇಬನ್ ಬತೂತ ಇದನ್ನು ಬರೆದಿದ್ದಾನೆ. ಬಲ್ಲಾಳ ಮಾತ್ರ ಆ ಅತಿಥಿಯನ್ನು ಹಿಡಿದುಕೊಟ್ಟ.

ಹುಡುಗಿ ಬಹಳ ಹೊತ್ತು ನೀರು ನೋಡುತ್ತಿದ್ದು, “ಆ ರಾಯ ಅವನಿಗೆ ನಮ್ಮವರ ಹಾಗೆ ಇರು ಎಂದಿದ್ದನೇ?” ಎಂದು ಕೇಳಿದಳು. ಚೇಷ್ಟೆಯಿಂದ ಕೇಳಿದಳೋ, ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಮಾರ್ಚ್ 6ರ ರಾತ್ರಿ ನಡೆದದ್ದನ್ನು ವಾಚಕರು ಮರೆತಿರಲಾರರು. ಹಂಪೆಯಿಂದ ಹೊಳೆಯಾಚೆ, ಸಾಣಾಪುರದ ಕೆರೆಯ ಬಳಿ, ಕಾಲುವೆಯ ದಂಡೆಯ ಮೇಲೆ ನಕ್ಷತ್ರ ನೋಡುತ್ತ ಕುಳಿತಿದ್ದ ಐವರ ಮೇಲೆ ದುರುಳರು ಬಿದ್ದರು. ಮೂವರು ಗಂಡಸರನ್ನು ಕಾಲುವೆಗೆ ತಳ್ಳಿದರು; ಅವರಲ್ಲಿ ಒಬ್ಬ ಅಮೆರಿಕದವನು, ಒಬ್ಬ ಮಹಾರಾಷ್ಟ್ರದವನು; ಒಡಿಶಾದವನು ಮುಳುಗಿ ಸತ್ತ. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು. ಒಬ್ಬಳು ಇಸ್ರೇಲಿನಿಂದ ಬಂದ ಪ್ರವಾಸಿ. ಇನ್ನೊಬ್ಬಳು ಅವರು ಇಳಿದುಕೊಂಡಿದ್ದ ತಂಗುಮನೆಯ ಒಡತಿ, ನಮ್ಮ ದೇಶದವಳು.

ಸುದ್ದಿ ಬಂದ ದಿನ ಹುಡುಗಿ ಜಗುಲಿಗೆ ಬಂದು ಕುಳಿತಳು. ಒಂದು ಮಾತೂ ಆಡದೆ ಪುಸ್ತಕ ತೆರೆದು, ಅಡಿಗೆರೆ ಎಳೆದಿದ್ದ ಸಾಲನ್ನು ನನ್ನೆದುರು ಹಿಡಿದಳು. ಆಕ್ಷೇಪಣೆ ಇರಲಿಲ್ಲ; ಕೇಳಬೇಕಾದ್ದನ್ನು ಹೇಗೆ ಕೇಳುವುದೆಂದು ತಿಳಿಯದವಳಂತಿದ್ದಳು. ನಾನು ಏನೋ ಸಮಾಧಾನ ಹೇಳಹೊರಟೆ. ಹೊತ್ತಲ್ಲದ ಹೊತ್ತು, ನಿರ್ಜನ ಪ್ರದೇಶ, ಎಂದೆಲ್ಲ ಬಾಯಿಗೆ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಎಂದೂ ಇಲ್ಲದ ದನಿಯಲ್ಲಿ, “ನಮ್ಮ ಮಗಳಿಗೂ ಇದನ್ನೇ ಹೇಳಿ ಬೆಳೆಸಿದ್ರಿ. ಆಕಿ ಯಾರ ಹಾಗೆ ಇರಬೇಕಾಗಿತ್ತು?” ಎಂದಳು.

ಮಗಳ ವಿಷಯವನ್ನು ಇಲ್ಲಿ ಬರೆಯಲಾರೆ. ಯಾವ ದೊಡ್ಡ ಅನಾಹುತವೂ ಅಲ್ಲ. ಬಸ್ಸಿನಲ್ಲಿ, ಬೀದಿಯಲ್ಲಿ, ಪ್ರತಿಯೊಂದು ಮನೆಯ ಹೆಣ್ಣುಮಕ್ಕಳು ಮನೆಗೆ ಬಂದು ಹೇಳದೆ ಇರುವಂಥದ್ದು. ಅವಳು ಸಲ್ವಾರ್ ತೊಟ್ಟಿದ್ದಳು, ದನಿ ತಗ್ಗಿಸಿದ್ದಳು, ಸಂಜೆಗೆ ಮುಂಚೆ ಮನೆ ಸೇರುತ್ತಿದ್ದಳು. ನಾನು ಆ ಪರದೇಶದವಳಿಗೆ ಕೊಟ್ಟದ್ದು ಊರಿನ ಮರ್ಯಾದೆಯ ಪಾಠವೆಂದು ತಿಳಿದಿದ್ದೆ. ಅದರಲ್ಲಿ ಅರ್ಧ ಮರ್ಯಾದೆಯೇ ಹೌದು. ಚಪ್ಪಲಿ ಬಿಡುವುದು, ಕೈ ಮುಗಿಯುವುದು, ಉಣ್ಣುವ ರೀತಿ, ಇವು ಅತಿಥಿ ಮನೆಯವರಿಗೆ ಸಲ್ಲಿಸುವ ಗೌರವ. ಇವನ್ನು ಕಲಿಯಲು ಅವಳಿಗೂ ಸಂತೋಷ, ಕಲಿಸಲು ನಮಗೂ ಸಂತೋಷ. ಇನ್ನರ್ಧ ಬೇರೆ. ನಮ್ಮ ಹಾಗೆ ಕಂಡರೆ ಮಾತ್ರ ನಿನಗೆ ರಕ್ಷಣೆ ಎಂಬುದು ಗೌರವದ ಮಾತಲ್ಲ, ಷರತ್ತು. ಅದೂ ನಾವು ನಮ್ಮವರಿಗೇ ನಡೆಸಿಕೊಡಲಾರದ ಷರತ್ತು. ಅತಿಥೇಯನ ಸಾಲವನ್ನು ಅತಿಥಿಯ ಲೆಕ್ಕಕ್ಕೆ ಬರೆದು, ಬುದ್ಧಿವಾದವೆಂದು ಹೆಸರಿಟ್ಟಿದ್ದೆ.

ಅವಳ ಪೆನ್ನು ಇಸಕೊಂಡು ಆ ಸಾಲನ್ನು ಹೊಡೆದುಹಾಕಿದೆ. ಚಪ್ಪಲಿಯದು ಇರಲಿ ಎಂದೆ. ಸಲ್ವಾರಿನದು ನಿನ್ನಿಷ್ಟ ಎಂದೆ. ಸಂಜೆಯದನ್ನು ಹೊಡೆಯಲು ಕೈ ಬರಲಿಲ್ಲ. ಅದು ಸುಳ್ಳಾಗಬೇಕೆಂದು ಆಸೆ, ಸುಳ್ಳೆಂದು ಹೇಳಲು ಧೈರ್ಯವಿಲ್ಲ. ಅದರ ಪಕ್ಕದಲ್ಲಿ ನನ್ನ ಹೆಂಡತಿ ನಮ್ಮ ಮನೆಯ ದೂರವಾಣಿಯ ಸಂಖ್ಯೆಯನ್ನು ಕನ್ನಡದ ಅಂಕಿಗಳಲ್ಲಿ ಬರೆದಳು. ಹುಡುಗಿಗೆ ಆ ಅಂಕಿಗಳನ್ನು ಓದಲು ಬರುವುದಿಲ್ಲವೆಂದು ಆಮೇಲೆ ಹೊಳೆಯಿತು. ಕುಳಿತು ಒಂದರಿಂದ ಹತ್ತರವರೆಗೆ ಕಲಿಸಿದಳು.

ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಅವಳನ್ನು ಹತ್ತಿಸಲು ಹೋಗಿದ್ದೆವು. ತನ್ನ ಹಳೆಯ ಪ್ಯಾಂಟು, ದೊಡ್ಡ ಬೂಟು ತೊಟ್ಟಿದ್ದಳು. ಚೀಲದ ಮೇಲೆ ಯಾವ ಬಾವುಟವೂ ಇರಲಿಲ್ಲ. ಪಕ್ಕದ ಸೀಟಿನ ಅಜ್ಜಿಯೊಬ್ಬಳು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಯಾವ ದೇಶದಾಕಿ ನೀನು?” ಎಂದಳು. ಉತ್ತರ ನನಗೆ ಪ್ಲಾಟ್‌ಫಾರಮ್ಮಿಗೂ ಕೇಳಿಸಿತು. ಅವಳ ದನಿ ದೊಡ್ಡದೆಂದು ಆಗಲೇ ಹೇಳಿದೆನಲ್ಲ.